ಎಂಟುಗಳ ನಡುವೆ ಒಂದು ಏಳು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಕಚೇರಿಯಲ್ಲಿ ಜ್ವರ ಯಾರಿಗೇ ಬರಲಿ, ಬರೆ ಬೀಳುತ್ತಿದ್ದದ್ದು ಮಾತ್ರ ಉಗ್ರಾಣದ ಮೇಲೆ.

ಉಗ್ರಾಣವೆಂದರೆ ಅಕ್ಕಿ ಬೇಳೆ ಇಡುವ ಕೋಣೆಯಲ್ಲ. ಆ ಕಂಪನಿ ಆಸ್ಪತ್ರೆಯ ಹಾಸಿಗೆಗಳ ಪಕ್ಕ ನಿಲ್ಲುವ ಮಾನಿಟರ್‌ಗಳನ್ನು ತಯಾರಿಸುತ್ತಿತ್ತು. ನಾಡಿ, ಉಸಿರು, ರಕ್ತದೊತ್ತಡ ತೋರಿಸುವ ಯಂತ್ರಗಳು. ಅವುಗಳೊಳಗೆ ಎಲ್ಲಕ್ಕಿಂತ ತಳದಲ್ಲಿ ಕೂತು ಯಂತ್ರವನ್ನೇ ನಡೆಸುವ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. ಆ ಕರ್ನಲ್‌ನಲ್ಲಿ, ಕೇಳಿದವರಿಗೆಲ್ಲ ಮೆಮೊರಿಯನ್ನು ತುಂಡು ತುಂಡಾಗಿ ಹಂಚಿ, ಕೆಲಸ ಮುಗಿದ ಮೇಲೆ ವಾಪಸ್ಸು ಪಡೆಯುವ ಭಾಗವೇ ಉಗ್ರಾಣ. ಅದನ್ನು ಬರೆದವರಿಗೆ ಉಗ್ರಾಣಿ ಎಂದೇ ಹೆಸರು ಬಿದ್ದಿತ್ತು. ತಲೆ ನರೆತಿದ್ದರೂ ಬೆನ್ನು ಬಾಗಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊಸಬರು ಬರೆದದ್ದನ್ನು ಓದಿ ಅವರು ‘ಹೂಂ’ ಎಂದರೆ ಅದೇ ದೊಡ್ಡ ಪ್ರಶಸ್ತಿ.

ಅವರಿಂದ ನಾಲ್ಕು ಮೇಜು ಆಚೆ ಅವರ ಸೊಸೆ ಕೂರುತ್ತಿದ್ದಳು. ಅವಳು ಕೆಲಸಕ್ಕೆ ಸೇರಿದ್ದು ಮೊದಲು, ಸೊಸೆಯಾದದ್ದು ಆಮೇಲೆ. ಒಂದು ದಿನ ಅಪ್ಪ ಮನೆಯಲ್ಲಿ ಮರೆತ ಕನ್ನಡಕವನ್ನು ಕೊಡಲು ಬಂದ ಮಗ ಇವಳನ್ನು ನೋಡಿದ. ಅಪ್ಪ ಮತ್ತೆಂದೂ ಏನನ್ನೂ ಮರೆಯದಿದ್ದರೂ ಮಗ ಬರುವುದನ್ನು ಬಿಡಲಿಲ್ಲ. ಈಗ ಅವಳು ಕಚೇರಿಯಲ್ಲಿ ಅವರನ್ನು ಸರ್ ಎನ್ನುತ್ತಿದ್ದಳು, ಮನೆಗೆ ಬಂದರೆ ಮಾವ ಎನ್ನುತ್ತಿದ್ದಳು. ರೋಗಿಯ ಮೈಗೆ ಅಂಟಿಸುವ ಕೇಬಲ್‌ಗಳು ಯಂತ್ರಕ್ಕೆ ಸೇರಿದ್ದು, ಕಳಚಿದ್ದು, ಇವನ್ನೆಲ್ಲ ಗಮನಿಸುವ ಕರ್ನಲ್ ಭಾಗ ಅವಳದು.

ಉಗ್ರಾಣಕ್ಕೆ ಒಂದು ಶಿಸ್ತಿತ್ತು. ಯಾರಾದರೂ ವಾಪಸ್ಸು ಕೊಟ್ಟ ತುಂಡಿನ ಉದ್ದಕ್ಕೂ ಅದು ಎಂಟು, ಎಂಟು, ಎಂಟು ಎಂದು ಬರೆದಿಡುತ್ತಿತ್ತು, ಖಾಲಿಯಾದ ಮನೆಗೆ ಸುಣ್ಣ ಬಳಿದು ಬೀಗ ಹಾಕಿದ ಹಾಗೆ. ಮುಂದೆ ಅದೇ ತುಂಡನ್ನು ಬೇರೆಯವರಿಗೆ ಕೊಡುವ ಮೊದಲು, ಸುಣ್ಣದ ಮೇಲೆ ಯಾರದ್ದಾದರೂ ಕೈಗುರುತು ಬಿದ್ದಿದೆಯೇ ಎಂದು ನೋಡುತ್ತಿತ್ತು. ಬಿದ್ದಿದ್ದರೆ ‘ಉಗ್ರಾಣ ಕೆಟ್ಟಿದೆ’ ಎಂದು ಒಂದು ಸಾಲು ಬರೆದು, ಯಂತ್ರವನ್ನು ಅಲ್ಲಿಗೇ ನಿಲ್ಲಿಸಿ ಹೊಸದಾಗಿ ಶುರುಮಾಡುತ್ತಿತ್ತು. ಈಗ ಒಂದು ಆಸ್ಪತ್ರೆಯಲ್ಲಿ ಆಗಾಗ ಅದೇ ಆಗುತ್ತಿತ್ತು. ಯಾವುದೋ ಹಾಸಿಗೆಯ ಪಕ್ಕದ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬೆಳಗುತ್ತಿತ್ತು. ರೋಗಿಗಳಿಗೆ ಏನೂ ಆಗಿರಲಿಲ್ಲ, ಆದರೆ ನರ್ಸುಗಳ ಜೀವ ಬಾಯಿಗೆ ಬಂದಿತ್ತು. ಬಂದ ಪ್ರತಿ ವರದಿಯಲ್ಲೂ ಅದೇ ಒಂದು ಸಾಲು. ಕೈಗುರುತು ಯಾರದೋ, ಹೆಸರು ಕೆಟ್ಟದ್ದು ಮಾತ್ರ ಗೋಡೆಯದ್ದು.

ಕಚೇರಿಯ ಲ್ಯಾಬಿನಲ್ಲಿ ಆ ರೋಗ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಅಲ್ಲಿ ಒಂದು ನಿಜವಾದ ಆಸ್ಪತ್ರೆ ಮಂಚ, ಅದರ ಮೇಲೆ ಹೊದಿಕೆ ಹೊದ್ದ ರಬ್ಬರ್ ಗೊಂಬೆ, ಗೋಡೆಯುದ್ದಕ್ಕೂ ಹತ್ತಾರು ಮಾನಿಟರ್‌ಗಳು. ಹಗಲೂ ರಾತ್ರಿ ಓಡಿಸಿದರೂ ಎಲ್ಲವೂ ಕಲ್ಲುಗುಂಡಿನ ಹಾಗಿದ್ದವು. ಒಳಗೆ ಏನಾಗುತ್ತಿದೆ ಎಂದು ಬರೆದುಕೊಳ್ಳುವ ಪತ್ತೇದಾರಿ ಸಾಮಾನುಗಳನ್ನು ಆಸ್ಪತ್ರೆಯ ಯಂತ್ರಗಳಿಗೇ ಹಾಕಿ ಕಳಿಸಿದರು. ಅವುಗಳ ಭಾರಕ್ಕೆ ಯಂತ್ರ ಕೊಂಚ ನಿಧಾನವಾಯಿತು. ರೋಗ ಪೂರ್ತಿ ಮಾಯವಾಯಿತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಕೂಡಲೇ ನೋವು ಹೋಗುವುದಿಲ್ಲವೇ, ಹಾಗೆ. ಸಾಮಾನು ತೆಗೆದ ಮೇಲೆ ಮತ್ತೆ ಪರದೆ ಕಪ್ಪಾಯಿತು.

ಆಗ ಮುಂದೆ ಬಂದವನು ಗಡಿಬಿಡಿ. ಊಟದ ಡಬ್ಬಿಯನ್ನೂ ನಡೆಯುತ್ತಲೇ ತೆರೆಯುವ ಆ ಪ್ರೋಗ್ರಾಮರ್‌ಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಹೊರಗೆ ಸಿದ್ಧವಾಗಿ ಸಿಗುವ ಒಂದು ಉಗ್ರಾಣವನ್ನು ತಂದು, ಆಸ್ಪತ್ರೆಯ ಅರ್ಧ ಯಂತ್ರಗಳಿಗೆ ಹಾಕಿಸಿದ. ಅವುಗಳಲ್ಲಿ ಒಂದೂ ನಿಲ್ಲಲಿಲ್ಲ. ಇನ್ನೇನು ಸಾಕ್ಷಿ ಬೇಕು? ವಿಭಾಗದ ಮುಖ್ಯಸ್ಥೆ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಹಳೆಯದರ ಮೇಲೆ ತಮಗೂ ಗೌರವವಿದೆ, ಹೊಸದರ ಮೇಲೆ ಆಸ್ಪತ್ರೆಗೆ ನಂಬಿಕೆ ಬಂದಿದೆ, ಸೋಮವಾರದ ಸಭೆಯ ಹೊತ್ತಿಗೆ ಬೇರೆ ಕಾರಣ ಸಿಗದಿದ್ದರೆ ಉಗ್ರಾಣವನ್ನು ತೆಗೆಯಲೇಬೇಕಾಗುತ್ತದೆ ಎಂದರು. ಉಗ್ರಾಣಿ ಧ್ವನಿ ಏರಿಸಿದರು. ಗಡಿಬಿಡಿ ಮೆತ್ತಗೆ, “ಸರ್, ಸಾಕಿದ್ದನ್ನ ಬಿಟ್ಟುಕೊಡೋದು ಕಷ್ಟ ಅಂತ ನಮಗೂ ಅರ್ಥ ಆಗುತ್ತೆ” ಎಂದ. ಬೈದಿದ್ದರೆ ಅವರು ಎರಡು ಬೈದು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಕನಿಕರ ಬಂದದ್ದಕ್ಕೆ ಎದ್ದು ತಮ್ಮ ಮೇಜಿಗೆ ಹೋಗಿಬಿಟ್ಟರು.

ಮನೆಯಲ್ಲಿ ಅತ್ತೆಯದೇ ಕಾನೂನು. ಕೆಳಗಿನ ಕೋಣೆಯಲ್ಲಿ ಅವರದು ಹೊಲಿಗೆ ಅಂಗಡಿ. ಊಟದ ಮೇಜಿಗೆ ಕತ್ತರಿ, ಇಂಚುಪಟ್ಟಿ ಮತ್ತು ಕರ್ನಲ್ ಈ ಮೂರೂ ಬರಕೂಡದು. ಮೊದಲೆಲ್ಲ ಮಾವ ಆ ಕಾನೂನನ್ನು ಮುರಿಯಲು ದಿನಕ್ಕೊಂದು ಉಪಾಯ ಹುಡುಕುತ್ತಿದ್ದರು. ಈಗ ತಾವಾಗಿಯೇ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದರು. ಪೇಪರಿನಲ್ಲಿ ಅಕ್ಷರ ತಪ್ಪು ಸಿಕ್ಕರೆ ಮನೆಯವರನ್ನೆಲ್ಲ ಕರೆದು ತೋರಿಸುವವರು ಈಗ ಪೇಪರನ್ನು ಮಡಚಿದಂತೆಯೇ ಬಿಡುತ್ತಿದ್ದರು. ಒಂದು ರಾತ್ರಿ ಅತ್ತೆಯೇ ಸೋತು, “ನಿಮ್ಮ ಉಗ್ರಾಣದಲ್ಲಿ ಇಲಿ ಸೇರಿದ್ರೆ ಇಲಿ ಹಿಡೀರಿ, ಅನ್ನದ ಮೇಲೆ ಯಾಕೆ ಸಿಟ್ಟು?” ಎಂದರು. ಮಾವ ನಗಲಿಲ್ಲ. ಸೊಸೆ ತಟ್ಟೆ ಸರಿಸಿದಳು. ಅವಳು ಉಗ್ರಾಣದ ಪ್ರತಿ ಸಾಲನ್ನೂ ಓದಿದ್ದಳು. ಅಷ್ಟು ಅಚ್ಚುಕಟ್ಟಾಗಿ ಬರೆದ ಮನುಷ್ಯ ಹೀಗೆ ತಲೆ ತಗ್ಗಿಸಿ ಕೂರುವುದು ಅವಳಿಂದ ನೋಡಲಾಗಲಿಲ್ಲ.

ಇಲಿಯನ್ನು ತಾನೇ ಹಿಡಿಯುತ್ತೇನೆಂದು ಅವಳು ಹಟ ಹಿಡಿದಳು. ‘ಕೆಟ್ಟಿದೆ’ ಎಂಬ ಸಾಲಿನ ಜೊತೆಗೆ ಏನು ಕೆಟ್ಟಿದೆ ಎಂಬುದನ್ನೂ ಬರೆಯುವಂತೆ ಉಗ್ರಾಣವನ್ನು ತಿದ್ದಬಹುದೇ ಎಂದು ಮಾವನನ್ನು ಕೇಳಿದಳು. ಭಾರ ಹೆಚ್ಚಾಗಿ ರೋಗ ಮತ್ತೆ ಅಡಗಬಾರದು, ಹಾಗಾಗಿ ಯಂತ್ರ ಸಾಯುವ ಗಳಿಗೆಯಲ್ಲಿ ಮಾತ್ರ ಬರೆಯಬೇಕು. ಮಾವ ಅವಳನ್ನೊಮ್ಮೆ ನೋಡಿ, ‘ಹೂಂ’ ಎಂದು, ಅಂದೇ ತಿದ್ದಿಕೊಟ್ಟರು. ಶುಕ್ರವಾರ ಆಸ್ಪತ್ರೆಯಲ್ಲಿ ಒಂದು ಪರದೆ ಕಪ್ಪಾಯಿತು. ವರದಿ ಬಂತು. ಸಾಲುಗಟ್ಟಲೆ ಎಂಟುಗಳು, ಅವುಗಳ ನಡುವೆ ಒಂದೇ ಒಂದು ಏಳು.

ಅವಳು ಆ ಏಳನ್ನು ಬಹಳ ಹೊತ್ತು ನೋಡಿದಳು. ಯಾರೋ ಏನನ್ನೋ ಗೀಚಿದ್ದರೆ ಅಲ್ಲಿ ಯಾವ ಅಂಕಿ ಬೇಕಾದರೂ ಇರಬಹುದಿತ್ತು. ಇದು ಗೀಚಿದ್ದಲ್ಲ, ಕಳೆದದ್ದು. ಎಂಟರಲ್ಲಿ ಒಂದು ಕಳೆದವರು ಯಾರು? ಕರ್ನಲ್‌ನಲ್ಲಿ ಒಂದನ್ನು ಕಳೆಯುವ ಕೆಲಸ ಮುಖ್ಯವಾಗಿ ಒಂದೇ. ಒಂದು ತುಂಡನ್ನು ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ ಆ ತುಂಡಿನಲ್ಲೇ ಇರುತ್ತದೆ. ಹಿಡಿದವರು ಒಂದು ಕೂಡಿಸಬೇಕು, ಬಿಡುವವರು ಒಂದು ಕಳೆಯಬೇಕು, ಸೊನ್ನೆಯಾದ ಕೂಡಲೇ ತುಂಡು ಉಗ್ರಾಣಕ್ಕೆ ವಾಪಸ್ಸು. ಅಂದರೆ ಯಾರೋ ಒಮ್ಮೆ ಬಿಟ್ಟು, ತುಂಡು ಉಗ್ರಾಣಕ್ಕೆ ಹೋಗಿ ಸುಣ್ಣ ಬಳಿಸಿಕೊಂಡ ಮೇಲೆ, ಮತ್ತೊಮ್ಮೆ ಬಿಟ್ಟಿದ್ದಾರೆ. ಕೈಯಲ್ಲಿ ಇಲ್ಲದ್ದನ್ನು ಬಿಟ್ಟ ಆ ಪುಣ್ಯಾತ್ಮ ಯಾರೆಂಬುದು ಮಾತ್ರ ತಿಳಿಯಲಿಲ್ಲ. ಕರ್ನಲ್‌ನಲ್ಲಿ ಹಿಡಿಯುವವರು ಬಿಡುವವರು ನೂರಾರು ಜನ.

ಶನಿವಾರ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಅದನ್ನೇ ಯೋಚಿಸುತ್ತಿದ್ದಳು. ಅತ್ತೆ ತಂಗಿಯ ಮನೆಗೆ ಹೊರಟಿದ್ದರು. ಬಾಗಿಲಿಂದ “ಬರ್ತೀನಿ” ಎಂದರು. ಇವಳು “ಆಯ್ತು ಅತ್ತೆ” ಎಂದಳು. ಎರಡು ತಟ್ಟೆ ತೊಳೆಯುವಷ್ಟರಲ್ಲಿ ಬಾಗಿಲಿಂದ ಮತ್ತೆ “ಬರ್ತೀನಿ” ಎಂದು ಕೇಳಿಸಿತು. ಯಾವುದೋ ಚೀಲ ಮರೆತು, ಸದ್ದಿಲ್ಲದೆ ಒಳಗೆ ಬಂದು, ಎತ್ತಿಕೊಂಡು ಹೊರಟಿದ್ದರು. ಒಳಗೆ ಬಂದದ್ದು ಇವಳ ಕಿವಿಗೆ ಬಿದ್ದಿರಲಿಲ್ಲ. ಒಬ್ಬರೇ ಅತ್ತೆ, ಎರಡು ಸಲ ಮನೆ ಬಿಟ್ಟಿದ್ದರು.

ಅವಳು ನಲ್ಲಿ ನಿಲ್ಲಿಸಿದಳು. ಏಕೆಂದರೆ ಕೇಬಲ್‌ಗಳು ಕರ್ನಲ್‌ಗೆ ಕಳಿಸುವ ಸುದ್ದಿಗಳಿಗೆ ಮಾವ ಯಾವ ಕಾಲದಲ್ಲೋ ತಮಾಷೆಗೆ ಇಟ್ಟ ಹೆಸರುಗಳೇ ಉಳಿದುಕೊಂಡಿದ್ದವು. ಕೇಬಲ್ ಸೇರಿದರೆ ‘ಬಂದೆ’, ಕಳಚಿದರೆ ‘ಬರ್ತೀನಿ’. ಹೋಗುವವರು ಹೋಗುತ್ತೇನೆ ಎನ್ನಬಾರದಲ್ಲ! ‘ಬಂದೆ’ ಎಂದಾಗ ಒಂದು ತುಂಡನ್ನು ಹಿಡಿಯಬೇಕು, ‘ಬರ್ತೀನಿ’ ಎಂದಾಗ ಬಿಡಬೇಕು. ಆ ಸುದ್ದಿಗಳನ್ನು ಸೋಸುವ ಜರಡಿ ಬರೆದವಳು ಇವಳೇ. ಕೇಬಲ್ ಅಲುಗಾಡಿದಾಗ ಪರದೆ ಮಿಣುಕುತ್ತದೆ ಎಂಬ ದೂರಿತ್ತು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ನಿಂತ ‘ಬಂದೆ’ಯನ್ನು ಇವಳ ಜರಡಿ ಕೆಳಗೆ ಬಿಡುತ್ತಲೇ ಇರಲಿಲ್ಲ. ಮಿಣುಕು ನಿಂತಿತು. ಮುಖ್ಯಸ್ಥೆ ಸಭೆಯಲ್ಲಿ ಬೆನ್ನು ತಟ್ಟಿದ್ದರು, ಅವಳೂ ಒಂದು ವಾರ ನೆಲದಿಂದ ಒಂದು ಗೇಣು ಮೇಲೆಯೇ ಓಡಾಡಿದ್ದಳು. ‘ಬಂದೆ’ಯನ್ನು ತಡೆದವಳು ಅದರ ಹಿಂದೆಯೇ ಬರುವ ‘ಬರ್ತೀನಿ’ಯನ್ನು ತಡೆದಿದ್ದಳೇ?

ಕೈ ಒರೆಸಿಕೊಳ್ಳದೆಯೇ ಅವಳು ಕಚೇರಿಗೆ ಓಡಿದಳು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕೇಬಲ್ ಕಳಚುವ ಪರೀಕ್ಷೆಯನ್ನು ಒಂದು ಸ್ವಿಚ್ ಪೆಟ್ಟಿಗೆ ಮಾಡುತ್ತಿತ್ತು. ಕತ್ತರಿಸಿದಂತೆ ಒಂದೇ ಸಲಕ್ಕೆ, ಬಲು ನೀಟಾಗಿ. ಲೋಕದಲ್ಲಿ ಯಾರು ಕೇಬಲನ್ನು ಹಾಗೆ ಕೀಳುತ್ತಾರೆ? ಓರೆಯಾಗಿ ಎಳೆದರೆ ಅದು ಬಿಟ್ಟು, ಒಂದು ಕ್ಷಣ ಮತ್ತೆ ತಗುಲಿ, ಮತ್ತೆ ಬಿಡುತ್ತದೆ. ಆಸ್ಪತ್ರೆಯಿಂದ ವಾಪಸ್ಸು ಬಂದ, ಪಿನ್ ಸೊಟ್ಟಗಾದ ಒಂದು ಹಳೆಯ ಕೇಬಲನ್ನು ರಟ್ಟಿನ ಪೆಟ್ಟಿಗೆಯಿಂದ ಹುಡುಕಿ ತೆಗೆದಳು. ಚುಚ್ಚಿದಳು. ಒಂದು ಕೈಯಲ್ಲಿ ಗೊಂಬೆಯ ಹೊದಿಕೆ ಸರಿಮಾಡುತ್ತ, ಇನ್ನೊಂದು ಕೈಯಲ್ಲಿ ನೋಡದೆಯೇ ಕೇಬಲನ್ನು ಓರೆಯಾಗಿ ಎಳೆದಳು. ಏನೂ ಆಗಲಿಲ್ಲ. ಮತ್ತೆ ಚುಚ್ಚಿದಳು, ಮತ್ತೆ ಎಳೆದಳು. ತೋಳು ನೋಯುವವರೆಗೆ ಎಳೆದಳು. ಕೊನೆಗೆ ಪರದೆ ಕಪ್ಪಾಯಿತು. ‘ಉಗ್ರಾಣ ಕೆಟ್ಟಿದೆ’. ಎಂಟುಗಳ ಸಾಲು, ನಡುವೆ ಒಂದು ಏಳು. ಅಂಥ ಕೆಟ್ಟ ಸುದ್ದಿಗೆ ಕುಣಿದವಳು ಅವಳೊಬ್ಬಳೇ ಇರಬೇಕು.

ಕುಣಿತ ಮುಗಿದ ಮೇಲೆ ಅವಳು ಕೇಬಲನ್ನು ಕೆಳಗಿಟ್ಟು ಕೂತಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಉಂಡವರು ಮಾವ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಗಡಿಬಿಡಿ ತಂದ ಉಗ್ರಾಣ ಹಾಕಿದರೆ ಯಂತ್ರ ಏಕೆ ನಿಲ್ಲುವುದಿಲ್ಲ? ಅದನ್ನು ಹಾಕಿದ ಯಂತ್ರಕ್ಕೂ ಅದೇ ಕೇಬಲ್ ಚುಚ್ಚಿ ಎಳೆಯತೊಡಗಿದಳು. ನಿಜ, ಪರದೆ ಕಪ್ಪಾಗಲಿಲ್ಲ. ಎಲ್ಲವೂ ಸರಿಯಿದೆ ಎನ್ನುವಂತೆ ಬೆಳಗುತ್ತಲೇ ಇತ್ತು. ಬಿಟ್ಟು ಏಳಬೇಕೆನ್ನುವಾಗ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ರೋಗಿಯ ನಾಡಿ ಎಷ್ಟಕ್ಕಿಂತ ಕೆಳಗಿಳಿದರೆ ಯಂತ್ರ ಕೂಗಿ ನರ್ಸನ್ನು ಕರೆಯಬೇಕು ಎಂಬ ಮಿತಿ ಅಲ್ಲಿ ಇರುತ್ತದೆ. ಕೇಬಲ್ ಕಳಚಿದ ಕೂಡಲೇ ಯಂತ್ರ ಆ ಮಿತಿಯನ್ನು ಜೋಪಾನವಾಗಿ ಒಂದು ಹೊಸ ತುಂಡಿಗೆ ನಕಲು ಮಾಡಿಟ್ಟುಕೊಳ್ಳುತ್ತದೆ. ಅವಳು ಐವತ್ತು ಎಂದು ಇಟ್ಟಿದ್ದಳು. ಈಗ ಅಲ್ಲಿ ನಲವತ್ತೊಂಬತ್ತು ಇತ್ತು.

ಒಂದು ಕಡಿಮೆ. ಆಗತಾನೆ ವಾಪಸ್ಸು ಬಂದ ತುಂಡನ್ನೇ ಹೊಸ ಉಗ್ರಾಣ ಸುಣ್ಣವಿಲ್ಲ ಪಣ್ಣವಿಲ್ಲ, ಹಾಗೆಯೇ ಮಿತಿಗೆ ಕೊಟ್ಟಿತ್ತು. ಎರಡನೆಯ ‘ಬರ್ತೀನಿ’ ಬಂದು ಆ ಮಿತಿಯಿಂದಲೇ ಒಂದನ್ನು ಕಿತ್ತುಕೊಂಡಿತ್ತು. ಯಾರೂ ನೋಡಲಿಲ್ಲ, ಯಾರೂ ಕೂಗಲಿಲ್ಲ. ಮಾವನ ಉಗ್ರಾಣವೋ, ಒಂದು ಅಂಕಿ ಆಚೀಚೆಯಾದದ್ದಕ್ಕೆ ಬೀದಿಗೆ ಕೇಳುವಂತೆ ಕೂಗಿಕೊಂಡಿತ್ತು. ಇಷ್ಟು ದಿನ ಎಲ್ಲರೂ ಬಡಿದದ್ದು ಕಳ್ಳನನ್ನಲ್ಲ, ಕಾವಲುಗಾರನನ್ನು. ಅವಳಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಕಾವಲುಗಾರ ತನ್ನ ಮನೆಯವನು ಎಂಬ ಹೆಮ್ಮೆ. ಕಳ್ಳಿಯೂ ಅದೇ ಮನೆಯವಳಾಗದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಭಾನುವಾರ ಸಂಜೆ ಮಾವ ಕೈ ಹಿಂದೆ ಕಟ್ಟಿಕೊಂಡು ವಾಕಿಂಗ್ ಹೊರಟಾಗ ಅವಳೂ ಜೊತೆಗೆ ಹೋದಳು. ಬಾಗಿಲು ಮುಚ್ಚಿದ ಬ್ಯಾಂಕು, ಲಾಂಡ್ರಿ, ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳನ್ನು ದಾಟಿದರು. ತಿರುವು ಹಾಯುವಾಗ ಅವಳು, “ಮಾವ, ಇಲಿ ಸಿಕ್ತು. ಅದು ನಂದೇ” ಎಂದು ಎಲ್ಲವನ್ನೂ ಹೇಳಿದಳು. ಅವರು ಬೈಯುತ್ತಾರೆಂದು ಕಾದಳು. ಅವರು ಸೊಟ್ಟ ಪಿನ್ನಿನ ವಿಷಯವನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ನಲವತ್ತೊಂಬತ್ತು ಎಂದಾಗ ಮಾತ್ರ ಅವರ ಹೆಜ್ಜೆ ನಿಂತಿತು. ಆಮೇಲೆ ಮತ್ತೆ ನಡೆಯತೊಡಗಿದರು.

“ನಾಳೆ ಸಭೇಲಿ ಕೇಬಲ್ ಭಾಗದಲ್ಲಿ ತಪ್ಪಿತ್ತು ಅಂದ್ರೆ ಸಾಕಮ್ಮ,” ಎಂದರು. “ಯಾರು ಬರೆದದ್ದು ಅಂತ ಹೇಳ್ಬೇಕಾಗಿಲ್ಲ. ಹಳೇದು, ಎಷ್ಟೋ ಜನ ಕೈ ಆಡಿಸಿದ್ದಾರೆ. ನಿನ್ನ ಕೆಲಸಕ್ಕೆ ಈಗಷ್ಟೇ ಒಂದು ಹೆಸರು ಬರ್ತಿದೆ.”

“ನಿಮ್ಮ ಹೆಸರು ಹೋದಾಗ ಇಷ್ಟು ದಿನ ಸುಮ್ನಿದ್ದೆ ಮಾವ. ಇನ್ನು ಆಗಲ್ಲ.”

ಅವರು ‘ಹೂಂ’ ಎಂದೂ ಅನ್ನಲಿಲ್ಲ. ಮನೆ ತಲುಪುವವರೆಗೂ ಅವಳು ತಾನು ಅಧಿಕಪ್ರಸಂಗ ಮಾಡಿದೆನೇನೋ ಎಂದು ಒಳಗೊಳಗೇ ಬೇಯುತ್ತಿದ್ದಳು.

ಸೋಮವಾರ ಅವಳು ಮಾತಿನಿಂದ ಶುರುಮಾಡಲಿಲ್ಲ. ಎರಡು ಮಾನಿಟರ್‌ಗಳನ್ನು ತಳ್ಳಿಕೊಂಡು ಸಭೆಯ ಕೋಣೆಗೆ ತಂದಳು. ಒಂದರಲ್ಲಿ ಹಳೆಯ ಉಗ್ರಾಣ, ಇನ್ನೊಂದರಲ್ಲಿ ಹೊಸದು, ಎರಡರಲ್ಲೂ ಮಿತಿ ಐವತ್ತು. ಸೊಟ್ಟ ಕೇಬಲನ್ನು ಗಡಿಬಿಡಿಯ ಕೈಗೇ ಕೊಟ್ಟು, ಮನೆಗೆ ಹೋಗುವ ಅವಸರದಲ್ಲಿರುವವರ ಹಾಗೆ ಕೀಳಬೇಕೆಂದಳು. ಅವಸರವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಎಳೆದ ರಭಸಕ್ಕೆ ಸ್ವಲ್ಪ ಹೊತ್ತಿನಲ್ಲೇ ಹಳೆಯದು ಕಪ್ಪಾಯಿತು. “ನೋಡಿ!” ಎಂದು ಅವನೇ ಗೆದ್ದಂತೆ ತಿರುಗಿದ. ಅವಳು ಹೊಸದಕ್ಕೆ ಚುಚ್ಚಿಸಿದಳು. ಅವನು ಎಳೆದ, ಮತ್ತೆ ಮತ್ತೆ ಎಳೆದ; ಪರದೆ ಬೆಳಗುತ್ತಲೇ ಇತ್ತು. ಅವಳು ಮೂಲೆಯ ಅಂಕಿಯನ್ನು ತೋರಿಸಿದಳು. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿದರು. ಗಡಿಬಿಡಿ ಕೇಬಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. ಅವನು ಒಂದು ಕೆಲಸವನ್ನು ನಿಧಾನವಾಗಿ ಮಾಡಿದ್ದನ್ನು ಅಲ್ಲಿದ್ದವರು ಅದೇ ಮೊದಲು ನೋಡಿದ್ದು.

ಅವಳು ಎಂಟು, ಏಳು, ಎರಡು ‘ಬರ್ತೀನಿ’ ಎಲ್ಲವನ್ನೂ ವಿವರಿಸಿದಳು. ಮುಖ್ಯಸ್ಥೆ ಈ ಸಲ ದೀಪವನ್ನು ಗೋಡೆಯಿಂದ ಕೆಳಗಿಳಿಸಿದರು. ಹೊಸದನ್ನು ಇಂದೇ ಆಸ್ಪತ್ರೆಯಿಂದ ತೆಗೆಸಬೇಕು, ಉಗ್ರಾಣ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ ಎಂದು ಉಗ್ರಾಣಿಯ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದರು. ಆಮೇಲೆ, ಆ ಜರಡಿ ಬರೆದವರು ಯಾರು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಡೆಯೂ ಇರುತ್ತಾರೆ. ಏನೂ ಮಾಡದ ಇಬ್ಬರು ಆಗಲೇ ಚಡಪಡಿಸುತ್ತಿದ್ದರು.

“ನಾನೇ ಮೇಡಂ,” ಎಂದಳು ಅವಳು. “ನೀವು ಬೆನ್ನು ತಟ್ಟಿದ್ದೂ ಅದಕ್ಕೇ.”

ಅವಳ ಕಿವಿ ಬಿಸಿಯಾಯಿತು, ಆದರೂ ತಲೆ ತಗ್ಗಿಸಲಿಲ್ಲ. ಮುಖ್ಯಸ್ಥೆ ಮಾತು ಬದಲಿಸಿದರು. ಇನ್ನು ಮುಂದೆ ಉಗ್ರಾಣದ ಮೇಲೆ ಉಗ್ರಾಣಿಯೊಬ್ಬರೇ ಕಣ್ಣಿಟ್ಟಿದ್ದರೆ ಸಾಲದು, ಅದಕ್ಕೆ ಇನ್ನೊಬ್ಬರು ಹೊಣೆಗಾರರು ಬೇಕು, ಯಾರಾದೀತು ಎಂದು ಅವರನ್ನೇ ಕೇಳಿದರು. ಇಷ್ಟು ವರ್ಷ ಉಗ್ರಾಣದ ಒಂದು ಸಾಲನ್ನೂ ಬೇರೆಯವರ ಕೈಗೆ ಕೊಡದವರು ಅವರು. ಇನ್ನೊಬ್ಬರು ಬೇಕೇ ಇಲ್ಲ ಎಂದು ಸಿಡಿಯುತ್ತಾರೆಂದು ಎಲ್ಲರೂ ಕಾದರು.

ಉಗ್ರಾಣಿ ಎದ್ದು ನಿಂತು ಸೊಸೆಯ ಕಡೆ ಕೈ ತೋರಿಸಿದರು. “ಇವರಿಗೆ ಕೊಡಿ.”

ಗಡಿಬಿಡಿಗೆ ತಡೆಯಲಾಗಲಿಲ್ಲ. “ಸರ್, ಈಗಷ್ಟೇ ತಪ್ಪು ಮಾಡಿದ್ದು ನಾನೇ ಅಂದ್ರಲ್ಲ ಅವರು.”

“ಅದಕ್ಕೇ,” ಎಂದರು ಉಗ್ರಾಣಿ. “ತನ್ನ ತಪ್ಪನ್ನೇ ಬಿಡದೆ ಬೆನ್ನಟ್ಟಿ ಹಿಡಿದೋರು, ನಾಳೆ ನನ್ನ ತಪ್ಪನ್ನ ಬಿಡ್ತಾರಾ?”